ಡಿಸ್ಕಸ್ ಸೊರಗಿದಾಗ ಮಾತ್ರೆಗಿಂತ ಮೊದಲು ನೀರು

ಡಿಸ್ಕಸ್ ಮೀನು ಸಾಕುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಅಚ್ಚಿನಲ್ಲಿರುತ್ತದೆ. ಮೀನು ದಿನೇ ದಿನೇ ಸೊರಗುತ್ತಿದೆ, ಮೈ ಕಪ್ಪಿಟ್ಟಿದೆ, ಆಹಾರ ಹಾಕಿದರೆ ಹತ್ತಿರ ಬಂದು ಹಿಂದೆ ಸರಿಯುತ್ತದೆ, ಬಿಳಿ ದಾರದಂಥ ಮಲ ನೇತಾಡುತ್ತಿದೆ. ಮೆಟ್ರೊನಿಡಜೋಲ್ ಎಷ್ಟು ಹಾಕಬೇಕು? ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನವರೂ ಇದನ್ನೇ ಕೇಳುತ್ತಾರೆ, ಎಲೆಕ್ಟ್ರಾನಿಕ್ ಸಿಟಿಯವರೂ ಇದನ್ನೇ, ಪೀಣ್ಯದ ಬಾಡಿಗೆ ಮನೆಯವರೂ ಇದನ್ನೇ. ರೋಗ ಯಾವುದೆಂದು ಅವರು ಆಗಲೇ ತೀರ್ಮಾನಿಸಿರುತ್ತಾರೆ, ಪ್ರಮಾಣವೊಂದು ಗೊತ್ತಾದರೆ ಸಾಕು. ಆ ತೀರ್ಮಾನಕ್ಕೇ ನನ್ನ ತಕರಾರು. ಸೊರಗುವುದು ಒಂದು ಲಕ್ಷಣ. ಅದರ ಹಿಂದೆ ಕರುಳಿನ ಪರೋಪಜೀವಿ ಇರಬಹುದು, ಜಂತುಹುಳು ಇರಬಹುದು, ಕಿವಿರಿನ ಹುಳು ಇರಬಹುದು, ಜೊತೆಯ ಮೀನಿನ ಕಾಟ ಇರಬಹುದು, ಬರೀ ಹಸಿವೂ ಇರಬಹುದು. ಬೆಂಗಳೂರಿನ ಈ ಹೊರವಲಯಗಳಲ್ಲಂತೂ ಎಲ್ಲಕ್ಕಿಂತ ಮೊದಲು ಅನುಮಾನಿಸಬೇಕಾದದ್ದು ನೀರನ್ನು. ನೀರಿನ ಲೆಕ್ಕ ಮುಗಿಯುವ ಮುನ್ನ ಮಾತ್ರೆ ಪುಡಿ ಮಾಡುವುದು ಮೀನಿಗೂ ಒಳ್ಳೆಯದಲ್ಲ, ಔಷಧಕ್ಕೂ ಒಳ್ಳೆಯದಲ್ಲ.

ಮೊದಲಿಗೆ, ಮೀನು ನಿಜಕ್ಕೂ ಸೊರಗಿದೆಯೇ ಎಂದು ತಿಳಿಯುವ ಬಗೆ. ಡಿಸ್ಕಸ್ ತಟ್ಟೆಯಾಕಾರದ ಮೀನು. ನಾವು ಅದನ್ನು ಸದಾ ಪಕ್ಕದಿಂದ ನೋಡುತ್ತೇವೆ, ಪಕ್ಕದಿಂದ ನೋಡಿದರೆ ತೂಕ ಇಳಿದದ್ದು ಬೇಗ ಕಾಣುವುದಿಲ್ಲ. ಮೀನು ನಿಮ್ಮ ಕಡೆ ಮುಖ ಮಾಡುವವರೆಗೆ ಕಾಯಿರಿ. ಚೆನ್ನಾಗಿ ತಿಂದುಂಡ ಮೀನಿನ ಹಣೆ, ಕಣ್ಣಿನ ಮೇಲಿನಿಂದ ಬೆನ್ನಿನ ಈಜುರೆಕ್ಕೆ ಶುರುವಾಗುವ ಜಾಗದವರೆಗೆ, ದುಂಡಗೆ ದಪ್ಪವಾಗಿರುತ್ತದೆ. ಸೊರಗಿದ ಮೀನಿನಲ್ಲಿ ಅದೇ ಜಾಗದ ಮಾಂಸ ಕರಗಿ ಮೂಳೆಯ ಏಣು ಎದ್ದು ಕಾಣುತ್ತದೆ, ಕಣ್ಣಿನ ಹಿಂಭಾಗ ಎರಡೂ ಕಡೆ ಗುಳಿ ಬೀಳುತ್ತದೆ. ಹೊಟ್ಟೆ ಒಳಗೆ ಹೋಗುವುದು ಒಂದೆರಡು ದಿನದ ಉಪವಾಸದಿಂದಲೂ ಆಗುತ್ತದೆ. ಹಣೆ ಕರಗಬೇಕಾದರೆ ವಾರಗಳು ಬೇಕು. ಹಾಗಾಗಿ ಹಣೆ ಕರಗಿದ ಮೀನನ್ನು ನೋಡಿದಾಗ, ಈ ವಾರ ಏನಾಯಿತು ಎಂದು ಕೇಳಿಕೊಂಡರೆ ಸಾಲದು, ಕಳೆದ ತಿಂಗಳು ಏನು ಬದಲಾಯಿತು ಎಂದು ಕೇಳಬೇಕು. ಇನ್ನೊಂದು ಗುರುತೂ ಇದೆ. ದೇಹಕ್ಕೆ ಹೋಲಿಸಿದರೆ ಕಣ್ಣು ತೀರಾ ದೊಡ್ಡದಾಗಿ ಕಂಡರೆ ಅದು ಮರಿಯಾಗಿದ್ದಾಗಲೇ ಬೆಳವಣಿಗೆ ಕುಂಠಿತವಾದ ಮೀನು. ಅದಕ್ಕೆ ಯಾವ ಔಷಧ ಕೊಟ್ಟರೂ ಅದು ತಟ್ಟೆಯಷ್ಟಗಲ ಆಗುವುದಿಲ್ಲ. ಕೊಳ್ಳುವಾಗಲೇ ನೋಡಿಕೊಳ್ಳಬೇಕಾದ ಸಂಗತಿ ಇದು.

ಮೆಟ್ರೊನಿಡಜೋಲ್ ಹೆಸರು ಎಲ್ಲರ ಬಾಯಲ್ಲಿ ಇರುವುದಕ್ಕೆ ಕಾರಣವಿದೆ. ಡಿಸ್ಕಸ್ ಮತ್ತು ಏಂಜಲ್ ಮೀನುಗಳ ಕರುಳಿನಲ್ಲಿ ಸ್ಪೈರೊನ್ಯೂಕ್ಲಿಯಸ್ ಎಂಬ ಏಕಕೋಶ ಜೀವಿ ವಾಸಿಸುತ್ತದೆ. ಅಕ್ವೇರಿಯಂ ಲೋಕದಲ್ಲಿ ಅದನ್ನು ಇಂದಿಗೂ ಹೆಕ್ಸಾಮಿಟ ಎಂದೇ ಕರೆಯುತ್ತಾರೆ. ಇದರ ಒಂದು ಜಾತಿಯಾದ ಸ್ಪೈರೊನ್ಯೂಕ್ಲಿಯಸ್ ವೋರ್ಟೆನ್ಸ್ ಅನ್ನು ಏಂಜಲ್ ಮೀನಿನಿಂದ ಬೇರ್ಪಡಿಸಿ ವಿಜ್ಞಾನಿಗಳು ವಿವರಿಸಿದ್ದು 1995ರಲ್ಲಿ. ಇದು ಮಿತಿಮೀರಿ ಹೆಚ್ಚಿದಾಗ ಮೀನು ತಿನ್ನುವುದನ್ನು ಬಿಡುತ್ತದೆ, ಸೊರಗುತ್ತದೆ, ಕೆಲವೊಮ್ಮೆ ತಲೆಯ ಮೇಲೆ ತೂತುಗಳಾಗುತ್ತವೆ. ಮೆಟ್ರೊನಿಡಜೋಲ್ ಇದನ್ನು ಕೊಲ್ಲುತ್ತದೆ ಎಂಬುದೂ ನಿಜ. ಆದರೆ ಇದೇ ಜೀವಿ ಆರೋಗ್ಯವಾಗಿ ಓಡಾಡುವ ಮೀನಿನ ಕರುಳಿನಲ್ಲೂ ಅಲ್ಪ ಸಂಖ್ಯೆಯಲ್ಲಿ ಇರುತ್ತದೆ. ಮೀನಿನ ಮೈಗೆ ಬೇರೇನೋ ಒತ್ತಡ ಬಿದ್ದಾಗ ಅದಕ್ಕೆ ಹೆಚ್ಚಲು ಅವಕಾಶ ಸಿಗುತ್ತದೆ. ಆ ಒತ್ತಡವನ್ನು ಹಾಗೇ ಉಳಿಸಿಕೊಂಡು ಮಾತ್ರೆ ಹಾಕಿದರೆ ಮೀನು ವಾರ ಹತ್ತು ದಿನ ಚೇತರಿಸಿಕೊಂಡಂತೆ ಕಂಡು ಮತ್ತೆ ಮೂಲೆ ಸೇರುತ್ತದೆ. ಆಗ ಅಂಗಡಿಯವರು ಇನ್ನೊಂದು ಕೋರ್ಸ್ ಹೇಳುತ್ತಾರೆ. ಇನ್ನು ಬಿಳಿ ಮಲ. ಅದನ್ನು ಸ್ಪೈರೊನ್ಯೂಕ್ಲಿಯಸ್‌ನ ರುಜುವಾತು ಎಂದೇ ಬಹಳ ಜನ ನಂಬಿದ್ದಾರೆ. ಮೀನು ಯಾವುದೇ ಕಾರಣಕ್ಕೆ ಎರಡು ಮೂರು ದಿನ ತಿನ್ನದಿದ್ದರೆ ಖಾಲಿ ಕರುಳಿನ ಲೋಳೆಯೇ ಬಿಳಿ ದಾರವಾಗಿ ಹೊರಬರುತ್ತದೆ. ಅಂದರೆ ಬಿಳಿ ಮಲದಿಂದ ಖಚಿತವಾಗುವುದು ಮೀನು ತಿಂದಿಲ್ಲ ಎಂಬುದಷ್ಟೇ. ಏಕೆ ತಿಂದಿಲ್ಲ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಆ ಪ್ರಶ್ನೆಯನ್ನು ಹಿಡಿದುಕೊಂಡು ಈಗ ನೀರಿಗೆ ಬರೋಣ. 1840ರಲ್ಲಿ ಹೆಕೆಲ್ ಎಂಬ ಆಸ್ಟ್ರಿಯಾದ ವಿಜ್ಞಾನಿ ಮೊದಲು ವಿವರಿಸಿದ ಈ ಮೀನಿನ ತವರು ಅಮೆಜಾನ್ ಕೊಳ್ಳ. ಅಲ್ಲಿನ ನೀರು ಬೆಚ್ಚಗೆ, ಮೆದುವಾಗಿ, ಆಮ್ಲೀಯವಾಗಿ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸೋಮವಾರ ಒಂದು ಗುಣ ಗುರುವಾರ ಇನ್ನೊಂದು ಗುಣ ಎಂದು ಬದಲಾಗುವುದಿಲ್ಲ. ನಮ್ಮ ಹೊರವಲಯದ ನೀರಿಗೆ ಅಂಥ ನಿಲುಗಡೆಯೇ ಇಲ್ಲ. ವೈಟ್‌ಫೀಲ್ಡ್ ಇರುವ ಮಹದೇವಪುರ ಭಾಗ, ಬೊಮ್ಮನಹಳ್ಳಿ, ದಾಸರಹಳ್ಳಿ ಕಡೆಯ ಎಷ್ಟೋ ಬಡಾವಣೆಗಳು ವರ್ಷಗಟ್ಟಲೆ ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿಕೊಂಡೇ ಬೆಳೆದವು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ಅದೇ ವರ್ಷದ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗಾಗಿ ಜನ ಕಾದದ್ದು ಯಾರಿಗೂ ಮರೆತಿಲ್ಲ. ಈಗಲೂ ಅನೇಕ ಅಪಾರ್ಟ್‌ಮೆಂಟುಗಳ ಸಂಪಿನಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಬೆರೆಯುತ್ತವೆ. ಯಾವ ದಿನ ಯಾವುದು ಎಷ್ಟು ಎಂದು ನಲ್ಲಿ ತಿರುಗಿಸುವವರಿಗೆ ತಿಳಿಯುವುದಿಲ್ಲ. ಕಾವೇರಿ ನೀರಿನಲ್ಲಿ ಲವಣ ಕಡಿಮೆ, ಕ್ಲೋರಿನ್ ಇರುತ್ತದೆ. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಲವಣ ಹೆಚ್ಚು. ಸಂಪು ತೊಳೆದ ದಿನ ನಿರ್ವಹಣೆಯವರು ಸುರಿದ ಬ್ಲೀಚಿಂಗ್ ಪೌಡರ್ ಬೇರೆ. ವಾರಕ್ಕೆ ಎರಡು ಸಲ ನಿಷ್ಠೆಯಿಂದ ಅರ್ಧ ಟ್ಯಾಂಕ್ ನೀರು ಬದಲಿಸುವವರು, ಗೊತ್ತಿಲ್ಲದೆ, ವಾರಕ್ಕೆ ಎರಡು ಸಲ ಮೀನನ್ನು ಬೇರೆ ಬೇರೆ ನದಿಗೆ ಎತ್ತಿ ಹಾಕುತ್ತಿರುತ್ತಾರೆ.

ಅಪಾರ್ಟ್‌ಮೆಂಟಿನ ಸಾಫ್ಟ್‌ನರ್ ಬಗ್ಗೆ ಒಂದು ಮಾತು, ಏಕೆಂದರೆ ಇಲ್ಲಿ ದೊಡ್ಡ ತಪ್ಪು ತಿಳಿವಳಿಕೆ ಇದೆ. ಡಿಸ್ಕಸ್‌ಗೆ ಮೆದು ನೀರು ಬೇಕು, ನಮ್ಮಲ್ಲಿ ಸಾಫ್ಟ್‌ನರ್ ಇದೆ, ಇನ್ನೇನು ಎನ್ನುತ್ತಾರೆ. ಆ ಯಂತ್ರ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಅದರ ಜಾಗದಲ್ಲಿ ಸೋಡಿಯಂ ಕೂರಿಸುತ್ತದೆ. ಸೋಪು ನೊರೆ ಬರುತ್ತದೆ, ಗೀಸರ್‌ನಲ್ಲಿ ಬಿಳಿ ಗಸಿ ಕಟ್ಟುವುದಿಲ್ಲ. ಆದರೆ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿದರೆ ಅಂಕಿ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಕ್ಷಾರೀಯತೆಯೂ ಅಷ್ಟೇ. ಇನ್ನು ಪೀಣ್ಯದ ಕಥೆ ಬೇರೆಯೇ. ಅಲ್ಲಿನ ಅಂತರ್ಜಲದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಸೇರಿರುವುದು ಮಾಲಿನ್ಯ ನಿಯಂತ್ರಣ ಮಂಡಳಿಗಳ ಪರೀಕ್ಷೆಗಳಲ್ಲೇ ಕಂಡುಬಂದಿದೆ. ನೀರು ಪರೀಕ್ಷೆಗೆ ಮನೆಯಲ್ಲಿ ಬಳಸುವ ಸಾಮಾನ್ಯ ಅಕ್ವೇರಿಯಂ ಕಿಟ್‌ಗಳು ಅದನ್ನು ತೋರಿಸುವುದಿಲ್ಲ. ಆ ಪ್ರದೇಶದ ಬೋರ್‌ವೆಲ್ ನೀರನ್ನು ಅಕ್ವೇರಿಯಂಗೆ ನೇರವಾಗಿ ಹಾಕಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾವೇರಿ ನೀರು ಹಿಡಿಯಿರಿ, ಇಲ್ಲವೆಂದರೆ ಆರ್‌ಒ ನೀರು ಬಳಸಿ.

ಈಗ ನನ್ನ ವಾದದ ಮುಖ್ಯ ಸಾಕ್ಷ್ಯ, ಅಮೋನಿಯಾ. ಮೀನಿನ ಕಿವಿರಿನಿಂದಲೂ ಉಳಿದ ಆಹಾರದಿಂದಲೂ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ಅದರಲ್ಲಿ ಎರಡು ರೂಪ: ಹೆಚ್ಚು ಅಪಾಯವಿಲ್ಲದ ಅಮೋನಿಯಂ ಒಂದು, ಕಿವಿರು ಸುಡುವ ಅಮೋನಿಯಾ ಇನ್ನೊಂದು. ಯಾವುದು ಎಷ್ಟಿರಬೇಕು ಎಂದು ನಿರ್ಧರಿಸುವುದು ನೀರಿನ ಪಿಎಚ್ ಮತ್ತು ಉಷ್ಣಾಂಶ. ಡಿಸ್ಕಸ್ ಟ್ಯಾಂಕಿನ 30 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದ ಶೇಕಡ ಒಂದಕ್ಕಿಂತ ಕಡಿಮೆ ವಿಷರೂಪದಲ್ಲಿರುತ್ತದೆ. ಪಿಎಚ್ 8 ಆದರೆ ಶೇಕಡ 7ರ ಆಸುಪಾಸು, 8.5 ಆದರೆ ಶೇಕಡ 20ರಷ್ಟು. ಕಿಟ್‌ನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಎಂದು ಬಂದ ಅದೇ ತಿಳಿಹಸಿರು ಬಣ್ಣ ಮೊದಲ ಟ್ಯಾಂಕಿನಲ್ಲಿ 0.004 ಮಿಲಿಗ್ರಾಂ ವಿಷ, ಎರಡನೆಯದರಲ್ಲಿ 0.04ರ ಹತ್ತಿರ, ಮೂರನೆಯದರಲ್ಲಿ 0.1. ಕಿವಿರಿಗೆ ಹಾನಿ ಶುರುವಾಗುವುದು 0.05ರ ಸುಮಾರಿಗೆ. ಇದಕ್ಕೆ ಆರ್‌ಒ ಜಾಣತನ ಸೇರಿದರೆ ಇನ್ನೂ ಅಪಾಯ. ಬರೀ ಆರ್‌ಒ ನೀರಿನಲ್ಲಿ, ಪಿಎಚ್ ಜಾರದಂತೆ ಹಿಡಿದಿಡುವ ಕ್ಷಾರೀಯತೆ ಇಲ್ಲವೇ ಇಲ್ಲ ಎನ್ನಬಹುದು. ಫಿಲ್ಟರಿನ ಬ್ಯಾಕ್ಟೀರಿಯಾ ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡುವಾಗ ಏಳು ಮಿಲಿಗ್ರಾಂನಷ್ಟು ಕ್ಷಾರೀಯತೆಯನ್ನು ತಿಂದುಹಾಕುತ್ತದೆ. ಕೆಲವೇ ದಿನಗಳಲ್ಲಿ ಪಿಎಚ್ ಆರರ ಕೆಳಗೆ ಜಾರುತ್ತದೆ, ಬ್ಯಾಕ್ಟೀರಿಯಾದ ಕೆಲಸ ನಿಧಾನವಾಗುತ್ತದೆ, ಅಮೋನಿಯಂ ಕೂಡಿಕೊಳ್ಳುತ್ತದೆ. ಆಮ್ಲೀಯ ನೀರಿನಲ್ಲಿ ಅದು ಕಚ್ಚುವುದಿಲ್ಲವಾದ್ದರಿಂದ ಎಲ್ಲ ಸರಿಯಿದೆ ಅನ್ನಿಸುತ್ತದೆ. ಆ ವಾರ ಆರ್‌ಒ ನೀರು ಸಾಲದೆ ಎರಡು ಬಕೆಟ್ ನಲ್ಲಿ ನೀರು ಸುರಿದರೆ ಪಿಎಚ್ ಏರುತ್ತದೆ, ಕೂಡಿಕೊಂಡಿದ್ದ ಅಮೋನಿಯಂನ ಒಂದು ಪಾಲು ಆ ಹೊತ್ತಿಗೇ ವಿಷವಾಗಿ ತಿರುಗುತ್ತದೆ. ಸಂಜೆ ಮೀನು ಕಪ್ಪಾಗಿ, ಹೀಟರ್ ಹಿಂದೆ ಓರೆಯಾಗಿ ನಿಂತಿರುತ್ತದೆ. ಮರುದಿನ ತಿನ್ನುವುದಿಲ್ಲ. ನಾಲ್ಕನೆಯ ದಿನ ಬಿಳಿ ಮಲ. ಐದನೆಯ ದಿನ ಮೆಡಿಕಲ್ ಶಾಪ್.

ಇದಕ್ಕೆ ಬರುವ ಮೊದಲ ಆಕ್ಷೇಪ ತೂಕವುಳ್ಳದ್ದೇ. ಇಂದು ಅಂಗಡಿಯಲ್ಲಿ ಸಿಗುವ ಡಿಸ್ಕಸ್ ಕಾಡಿನಿಂದ ಹಿಡಿದು ತಂದದ್ದಲ್ಲ. ತಲೆಮಾರುಗಳಿಂದ ಫಾರಂಗಳಲ್ಲಿ ಹುಟ್ಟಿ ಬೆಳೆದದ್ದು, ಗಡಸು ನೀರಿನಲ್ಲೂ ಚೆನ್ನಾಗಿ ಬದುಕುತ್ತದೆ, ಹಾಗಿದ್ದಮೇಲೆ ನೀರನ್ನೇ ಏಕೆ ದೂರಬೇಕು ಎನ್ನುತ್ತಾರೆ. ಮಾತು ನಿಜ. ಪಿಎಚ್ 7.5ರ ನೀರಿನಲ್ಲಿ, ಟಿಡಿಎಸ್ 400 ಇದ್ದರೂ, ಕೊಬ್ಬಿದ ಡಿಸ್ಕಸ್ ಸಾಕುವವರು ಇದ್ದಾರೆ. ನಾನು ಗಡಸುತನವನ್ನು ದೂರುತ್ತಿಲ್ಲ. ಮರಿ ಮಾಡಿಸಬೇಕಾದರೆ ಮೆದು ನೀರು ಬೇಕು, ಬೆಳೆಸಲು ಅಷ್ಟು ಹಟ ಬೇಡ. ದೂರು ಇರುವುದು ಏರಿಳಿತದ ಮೇಲೆ, ಗಮನಕ್ಕೆ ಬಾರದ ಅಮೋನಿಯಾದ ಮೇಲೆ, ಕ್ಲೋರಿನ್ ಮೇಲೆ. ಗಡಸು ನೀರಾದರೂ ಸರಿ, ಪ್ರತಿ ಸಲವೂ ಒಂದೇ ಗುಣದ ನೀರು ಕೊಡಿ. ಒಂದು ದೊಡ್ಡ ಡ್ರಮ್‌ನಲ್ಲಿ ನೀರು ತುಂಬಿ, ಒಂದು ದಿನ ಗಾಳಿ ಹಾಯಿಸಿ, ಕ್ಲೋರಿನ್ ಇದ್ದರೆ ಹೈಪೊ, ಅಂದರೆ ಸೋಡಿಯಂ ಥಯೋಸಲ್ಫೇಟ್ ಹಾಕಿ, ಟಿಡಿಎಸ್ ಮತ್ತು ಪಿಎಚ್ ನೋಡಿ, ಟ್ಯಾಂಕಿನ ಉಷ್ಣಾಂಶಕ್ಕೆ ತಂದು ಆಮೇಲೆ ಸುರಿಯುವುದು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿನ ಉಷ್ಣಾಂಶ 15 ಡಿಗ್ರಿಗೆ ಇಳಿಯುತ್ತದೆ. ಬೆಳಗ್ಗೆ ಓವರ್‌ಹೆಡ್ ಟ್ಯಾಂಕಿನ ನೀರು ಹಾಗೇ ಹಾಕಿದರೆ ಬೇರೆ ಯಾವ ಕಾರಣವೂ ಬೇಕಿಲ್ಲ.

ಎರಡನೆಯ ಆಕ್ಷೇಪ, ನೀರು ಪರೀಕ್ಷೆ ಅಂತ ಕೂತರೆ ಅಷ್ಟರಲ್ಲಿ ಮೀನು ಸಾಯುತ್ತದೆ ಎಂಬುದು. ಪರೀಕ್ಷೆಗೆ ಬೇಕಾದದ್ದು ಹದಿನೈದು ನಿಮಿಷ. ಪಿಎಚ್, ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಟಿಡಿಎಸ್. ಟ್ಯಾಂಕಿನ ನೀರಿಗೂ ನಲ್ಲಿ ನೀರಿಗೂ ಎರಡಕ್ಕೂ. ವಯಸ್ಕ ಡಿಸ್ಕಸ್ ಆಹಾರವಿಲ್ಲದೆ ವಾರಕ್ಕಿಂತ ಹೆಚ್ಚು ತಡೆಯುತ್ತದೆ, ಆದ್ದರಿಂದ ನಿಮ್ಮ ಕೈಯಲ್ಲಿ ಸಮಯವಿದೆ. ಅದೇ ಸಮಯದಲ್ಲಿ ಟ್ಯಾಂಕಿನ ಮುಂದೆ ಕೂತು ಲೆಕ್ಕ ಹಾಕಿ. ಸೊರಗಿದ್ದು ಒಂದೇ ಮೀನೋ, ಎಲ್ಲವೋ? ಎಲ್ಲವೂ ಸೊರಗಿದ್ದರೆ ನೀರು, ಆಹಾರ ಅಥವಾ ಹರಡುವ ಸೋಂಕು. ಒಂದೇ ಆದರೆ ಆಹಾರ ಹಾಕಿದಾಗ ಯಾವ ಮೀನು ಅದನ್ನು ಅಟ್ಟುತ್ತದೆ ನೋಡಿ. ಇವು ಗುಂಪಿನಲ್ಲಿ ಮೇಲು ಕೆಳಗು ನೋಡುವ ಮೀನುಗಳು, ಎರಡು ಮೂರು ಮಾತ್ರ ಇದ್ದರೆ ಪೆಟ್ಟೆಲ್ಲ ಒಂದರ ಮೇಲೇ ಬೀಳುತ್ತದೆ, ಐದಾರು ಇದ್ದರೆ ಹಂಚಿಹೋಗುತ್ತದೆ. ಚೆನ್ನಾಗಿ ತಿಂದೂ ಸೊರಗುತ್ತಿದ್ದರೆ ಜಂತುಹುಳುವಿನ ಅನುಮಾನ. ಏದುಸಿರು, ಒಂದೇ ಕಿವಿರು ಆಡಿಸುವುದು, ಮೈ ಉಜ್ಜಿಕೊಳ್ಳುವುದು ಕಂಡರೆ ಕಿವಿರಿನ ಹುಳು. ಐದು ಸೆಂಟಿಮೀಟರಿನ ಮರಿಗಳಾಗಿದ್ದರೆ ದಿನಕ್ಕೆ ನಾಲ್ಕೈದು ಸಲ ತಿನ್ನಬೇಕು. ಬೆಳಗ್ಗೆ ಕ್ಯಾಬ್ ಹತ್ತಿ ರಾತ್ರಿ ಮನೆ ಸೇರುವವರು ಎರಡು ಸಲ ಹಾಕಿ, ಮರಿ ಸೊರಗಿತು ಎಂದು ಔಷಧ ಹುಡುಕುವುದು ನೋವಿನ ಸಂಗತಿ. ಅಂಥವರು ಬೆಳೆದ ಮೀನನ್ನೇ ಕೊಳ್ಳುವುದು ಲೇಸು. ಚರಂಡಿಯ ಕೆಸರಿನಲ್ಲಿ ಬೆಳೆದ ಜೀವಂತ ಟ್ಯೂಬಿಫೆಕ್ಸ್ ಹುಳು ಹಾಕುತ್ತಿದ್ದರೆ ಇಂದೇ ನಿಲ್ಲಿಸಿ.

ಇಷ್ಟೆಲ್ಲ ಆದಮೇಲೂ ಮೀನು ತಿನ್ನದಿದ್ದರೆ, ನೀರು ಒಂದು ವಾರ ಸ್ಥಿರವಾಗಿದ್ದೂ ಬಿಳಿ ಮಲ ನಿಲ್ಲದಿದ್ದರೆ, ಅಥವಾ ತಲೆಯ ಮೇಲೆ ತೂತು ಕಂಡರೆ ಆ ಕ್ಷಣವೇ, ಔಷಧ ಕೊಡಬೇಕು. ಕೊಡುವಾಗ ಅರೆಮನಸ್ಸು ಬೇಡ. ಮರಳು, ಗಿಡ ಇಲ್ಲದ 60 ಲೀಟರಿನ ಬೇರೆ ಟ್ಯಾಂಕ್, ಪಳಗಿದ ಸ್ಪಂಜ್ ಫಿಲ್ಟರ್, ಹೀಟರ್ ಇಷ್ಟು ಸಾಕು. ಮೀನು ತಿನ್ನುತ್ತಿದ್ದರೆ ಔಷಧವನ್ನು ಆಹಾರದಲ್ಲೇ ಕೊಡುವುದು ಉತ್ತಮ: ಮೀನಿನ ತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂ, ಐದು ದಿನ. 200 ಗ್ರಾಂ ಮೀನಿಗೆ ದಿನಕ್ಕೆ 10 ಮಿಲಿಗ್ರಾಂ ಬೀಳುತ್ತದೆ. 400 ಮಿಲಿಗ್ರಾಂನ ಒಂದು ಮಾತ್ರೆಯನ್ನು ನುಣ್ಣಗೆ ಅರೆದು 40 ಗ್ರಾಂ ಆಹಾರಕ್ಕೆ ಕಲಸಿದರೆ ಒಂದು ಗ್ರಾಂನಲ್ಲಿ ಅಷ್ಟು ಬರುತ್ತದೆ. ತಿನ್ನದ ಮೀನಿಗೆ ನೀರಿನಲ್ಲಿ ಲೀಟರಿಗೆ 6.6 ಮಿಲಿಗ್ರಾಂ, ಅಂದರೆ ಆ 60 ಲೀಟರಿಗೆ ಸರಿಯಾಗಿ ಅದೇ ಒಂದು ಮಾತ್ರೆ, ದಿನ ಬಿಟ್ಟು ದಿನ ಮೂರು ಸಲ, ಪ್ರತಿ ಸಲದ ಮುನ್ನ ಒಂದಷ್ಟು ನೀರು ಬದಲಿಸಿ. ಉಷ್ಣಾಂಶ 32ಕ್ಕೆ ಏರಿಸುವ ರೂಢಿ ಇದೆ. ಬೆಂಗಳೂರು 900 ಮೀಟರ್ ಎತ್ತರದಲ್ಲಿರುವುದರಿಂದ ನೀರು ಹಿಡಿದಿಡುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಶೇಕಡ 10ರಷ್ಟು ಕಡಿಮೆ, ಬಿಸಿ ಏರಿದಂತೆ ಇನ್ನೂ ಕಡಿಮೆ, ಹಾಗಾಗಿ ಏರ್ ಪಂಪ್ ಎರಡು ಇರಲಿ. ಹುಳುಗಳಿಗೆ ಮೆಟ್ರೊನಿಡಜೋಲ್ ಏನೂ ಮಾಡುವುದಿಲ್ಲ. ಕ್ಯಾಪಿಲ್ಲೇರಿಯಾದಂಥ ದುಂಡುಹುಳುವಿಗೆ ಫೆನ್‌ಬೆಂಡಜೋಲ್ ಅಥವಾ ಲೆವಮಿಸೋಲ್. ಲಾಡಿಹುಳು, ಕಿವಿರು ಹುಳುವಿಗೆ ಪ್ರಾಜಿಕ್ವಾಂಟೆಲ್. ಮೊಟ್ಟೆಗಳು ಔಷಧಕ್ಕೆ ಬಗ್ಗುವುದಿಲ್ಲವಾದ್ದರಿಂದ ಎರಡು ಮೂರು ವಾರದ ನಂತರ ಮತ್ತೊಮ್ಮೆ ಕೊಡಲೇಬೇಕು.

ಮೆಟ್ರೊನಿಡಜೋಲ್ ಹೇಗೂ ನಿರಪಾಯಕಾರಿ, ಮುನ್ನೆಚ್ಚರಿಕೆಗೆ ತಿಂಗಳಿಗೊಮ್ಮೆ ಹಾಕಿದರೆ ತಪ್ಪೇನು ಎನ್ನುವವರಿಗೆ ನಾನು ಒಪ್ಪಲಾರೆ. ಅದು ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧ, ಮನುಷ್ಯರ ಆಮಶಂಕೆಗೂ ಹಲವು ಬ್ಯಾಕ್ಟೀರಿಯಾ ಸೋಂಕಿಗೂ ಬೇಕಾದದ್ದು. ಅರೆಪ್ರಮಾಣದಲ್ಲಿ ಮತ್ತೆ ಮತ್ತೆ ಹಾಕಿದರೆ ಔಷಧಕ್ಕೆ ಬಗ್ಗದ ತಳಿಗಳು ಉಳಿಯುತ್ತವೆ, ಆ ನೀರು ಕೊನೆಗೆ ಚರಂಡಿ ಸೇರುತ್ತದೆ. ಬೆಂಗಳೂರಿನಲ್ಲಿ ಮೀನಿಗೆ ಡಾಕ್ಟರ್ ಎಲ್ಲಿ ಎಂಬ ಮಾತು ಅರ್ಧ ಸತ್ಯ. ನಾಯಿ ಬೆಕ್ಕಿನಂತೆ ಬೀದಿಗೊಂದು ಕ್ಲಿನಿಕ್ ಇಲ್ಲ, ನಿಜ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಪೀಣ್ಯದವರಿಗೆ ಹತ್ತಿರವೇ ಆದ ಹೆಸರಘಟ್ಟದಲ್ಲಿ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಇದೆ. ಮೊದಲು ಫೋನ್ ಮಾಡಿ ವಿಚಾರಿಸಿ. ಇನ್ನೊಂದು ದಾರಿ, ನಾಲ್ಕೈದು ಜನ ಸೇರಿ ಒಂದು ಸಾಧಾರಣ ಸೂಕ್ಷ್ಮದರ್ಶಕ ಕೊಳ್ಳುವುದು. ಈಗಷ್ಟೇ ಬಿದ್ದ ಮಲದ ತುಣುಕನ್ನು ಟ್ಯಾಂಕಿನ ನೀರಿನ ಹನಿಯಲ್ಲೇ ಇಟ್ಟು ನೂರರಿಂದ ನಾನೂರು ಪಟ್ಟಿನಲ್ಲಿ ನೋಡಿದರೆ ಸ್ಪೈರೊನ್ಯೂಕ್ಲಿಯಸ್ ತಿರುಪಿನಂತೆ ತಿರುಗುತ್ತಾ ಸರ್ರನೆ ಓಡುತ್ತದೆ. ಕ್ಯಾಪಿಲ್ಲೇರಿಯಾದ ಮೊಟ್ಟೆ ಎರಡೂ ತುದಿಯಲ್ಲಿ ಬಿರಡೆ ಇರುವ ಪೀಪಾಯಿಯಾಕಾರದಲ್ಲಿ ಕಾಣುತ್ತದೆ. ಒಂದೆರಡು ಸ್ಪೈರೊನ್ಯೂಕ್ಲಿಯಸ್ ಓಡಾಡಿದರೆ ಗಾಬರಿ ಬೇಡ, ನೋಟದ ತುಂಬ ಗಿಜಿಗುಟ್ಟಿದರೆ ಔಷಧ.

ನನಗೆ ಸುಲಭವಾಗಿ ಉತ್ತರಿಸಲಾಗದ ಆಕ್ಷೇಪ ಬೇರೆಯೇ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ ಊರಿದು. ಇಲ್ಲಿ ಮೀನಿಗಾಗಿ ವಾರಕ್ಕೆ ನೂರಾರು ಲೀಟರ್ ಚೆಲ್ಲಿ ಎನ್ನುವುದು ನ್ಯಾಯವೇ? ಆರ್‌ಒ ಆದರಂತೂ ಒಂದು ಲೀಟರಿಗೆ ಎರಡು ಮೂರು ಲೀಟರ್ ಚರಂಡಿಗೆ. ಔಷಧ ಹಾಕದ ಟ್ಯಾಂಕಿನ ಹಳೆ ನೀರು ನೈಟ್ರೇಟ್ ತುಂಬಿದ ಒಳ್ಳೆಯ ಗೊಬ್ಬರ, ಅದನ್ನು ಕುಂಡಗಳಿಗೆ ಹಾಕಿ. ಆರ್‌ಒ ತ್ಯಾಜ್ಯ ನೀರಿನಿಂದ ನೆಲ ಒರೆಸಿ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಮನೆಗೆ ನ್ಯಾಯವಾಗಿ ಸಿಗುವ ನೀರಿನಲ್ಲಿ ಎಷ್ಟು ಮೀನು ಸಾಕಬಹುದೋ ಅಷ್ಟೇ ಸಾಕಿ. ಬೇಸಿಗೆಯಲ್ಲಿ ಟ್ಯಾಂಕರ್ ನಂಬಿದ ಮನೆಗೆ ಹತ್ತು ಡಿಸ್ಕಸ್ ಹೆಚ್ಚಾಯಿತು. ಅಂಥವರಿಗೆ ನಲ್ಲಿ ನೀರಿಗೆ ಒಗ್ಗುವ ಗಪ್ಪಿ, ಮೋಲಿ ಸಾಕಿ ಎನ್ನುವುದೇ ನನ್ನ ಸಲಹೆ.

ಎಲ್ಲ ಮಾಡಿಯೂ ತಿಂಗಳುಗಟ್ಟಲೆ ಕರಗುತ್ತಲೇ ಹೋಗುವ, ಬೆನ್ನು ಬಾಗುವ, ಮೈಮೇಲೆ ಹುಣ್ಣಾಗುವ ಮೀನು ಇದ್ದರೆ ಮೈಕೊಬ್ಯಾಕ್ಟೀರಿಯಾ, ಅಂದರೆ ಮೀನಿನ ಕ್ಷಯ ಇರಬಹುದು. ಅದಕ್ಕೆ ನಂಬಬಹುದಾದ ಚಿಕಿತ್ಸೆ ಇಲ್ಲ, ಮತ್ತು ಅದು ಕೈಯ ಗಾಯದ ಮೂಲಕ ಮನುಷ್ಯರ ಚರ್ಮಕ್ಕೂ ಬರುತ್ತದೆ. ಆ ಟ್ಯಾಂಕಿಗೆ ಕೈ ಹಾಕುವಾಗ ಉದ್ದ ಗ್ಲೌಸ್ ಹಾಕಿಕೊಳ್ಳಿ, ಬಲೆಯನ್ನೂ ಪೈಪನ್ನೂ ಬೇರೆ ಟ್ಯಾಂಕಿಗೆ ಬಳಸಬೇಡಿ. ಅಂಥ ಮೀನನ್ನು ಅಂಗಡಿಗೆ ಮರಳಿಸುವುದೂ ವರ್ತೂರು ಕೆರೆಗೆ ಬಿಡುವುದೂ ಎರಡೂ ತಪ್ಪು. ಪಶುವೈದ್ಯರನ್ನು ಕೇಳಿ, ಲವಂಗದೆಣ್ಣೆಯ ದ್ರಾವಣದಲ್ಲಿ ನೋವಿಲ್ಲದೆ ಅದನ್ನು ಕಳಿಸಿಕೊಡಿ.